ಹೆಗಲು ಬಿಚ್ಚದ ಅಂಗಿ

ಹೋದ ತಿಂಗಳು ಒಂದು ಸಂಜೆ ಹುಬ್ಬಳ್ಳಿಯ ಹೊಸೂರಿನಲ್ಲಿ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬ್ಯಾಂಕಿನಲ್ಲಿ ತಿಂಗಳ ಕೊನೆ. ಕಣ್ಣು ಉರಿಯುತ್ತಿದ್ದವು, ಮನೆಗೆ ಹೋಗಿ ರಾತ್ರಿಗೆ ಏನು ಮಾಡಲಿ ಎಂಬುದಷ್ಟೇ ತಲೆಯಲ್ಲಿತ್ತು. "ಅಕ್ಕಾರ, ಗುರ್ತು ಸಿಕ್ತೇನ್ರಿ?" ಅಂತ ಪಕ್ಕದಿಂದ ಯಾರೋ ಕೇಳಿದರು. ಸಿಗಲಿಲ್ಲ. ಗಡ್ಡ ಬಿಟ್ಟಿದ್ದ, ಮೈ ತುಂಬಿಕೊಂಡಿದ್ದ, ಬೆನ್ನಿಗೆ ಯಾವುದೋ ಕಂಪನಿಯ ಚೀಲ. "ಮಾಸ್ತರ ಮನ್ಯಾಗ ಬೋರ್‌ವೆಲ್ ಕಥಿ ಓದಿದ್ನಲ್ರಿ" ಅಂದ ಮೇಲೆ ನೆನಪಾಯಿತು. ಹಾವೇರಿ ಕಡೆಯ ಹುಡುಗ, ಆಗ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ. ಮೂರು ತಿಂಗಳು ಬಂದು ಆಮೇಲೆ ಬರುವುದು ಬಿಟ್ಟಿದ್ದ. ಈಗ ಬೆಂಗಳೂರಿನ ಹೊರಗೆ ಒಂದು ದೊಡ್ಡ ಗೋದಾಮಿನಲ್ಲಿ ಸೂಪರ್‌ವೈಸರ್ ಅಂತೆ, ಕಾಕಾನ ಮಗಳ ಮದುವೆಗೆ ಬಂದಿದ್ದ.

ಬರೆಯುವವರು ಬರೆಯುವವರನ್ನು ಕಂಡರೆ ಕೇಳುವ ಪ್ರಶ್ನೆ ಒಂದೇ. ನಾನೂ ಕೇಳಿದೆ, "ಬರಿಯೂದು ನಡದದೇನಪಾ?" ಅಂತ. ನಕ್ಕ. "ಇಲ್ರಿ, ಬಿಟ್ಟೆ." ಯಾಕೆ ಅಂದೆ. ಕೆಲಸ, ಟೈಮಿಲ್ಲ, ಅಂಥದ್ದೇನೋ ಹೇಳುತ್ತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ರಸ್ತೆ ನೋಡಿದ. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. "ಅವತ್ತ ನೀವ್ಯಾರೂ ಕಥಿ ಬಗ್ಗೆ ಮಾತಾಡಲಿಲ್ಲಲ್ರಿ ಅಕ್ಕಾರ. ಎಲ್ಲಾರೂ ನಮ್ಮಪ್ಪನ ಬಗ್ಗೆನ ಮಾತಾಡಿದ್ರಿ." ಬಸ್ಸು ಬಂತು. ನನ್ನ ಟಿಫಿನ್ ಚೀಲವನ್ನು ಬಾಗಿಲ ತನಕ ತಂದುಕೊಟ್ಟ. ಬಾಗಿಲು ತನ್ನಷ್ಟಕ್ಕೆ ಮುಚ್ಚಿತು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರು. ನಾನು ದಿನಾ ಆ ದಾರಿಯಲ್ಲಿ ಅರ್ಧ ನಿದ್ದೆ ಮಾಡುತ್ತೇನೆ. ಅವತ್ತು ಮಾಡಲಿಲ್ಲ. ಇವತ್ತಿಗೂ ಆ ಮಾತು ಹಲ್ಲಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಅಲ್ಲೇ ಕೂತಿದೆ.

ಎರಡನೇ ರವಿವಾರ

ನಮ್ಮದು ಕಥೆ ಓದುವ, ಕೇಳುವ ಹೆಸರಿಲ್ಲದ ಗುಂಪು. ಹೆಸರಿಡೋಣ ಅಂತ ಎರಡು ಮೂರು ಸಲ ಚರ್ಚೆಯಾಗಿ, ಹೆಸರಿಟ್ಟರೆ ಅಧ್ಯಕ್ಷರು ಬೇಕಾಗುತ್ತಾರೆ, ಅಧ್ಯಕ್ಷರಿದ್ದರೆ ಹಾರ ಬೇಕಾಗುತ್ತದೆ ಅಂತ ಬಿಟ್ಟೆವು. ಧಾರವಾಡದ ಮಾಳಮಡ್ಡಿಯಲ್ಲಿ ನಿವೃತ್ತ ಮಾಸ್ತರೊಬ್ಬರ ಮನೆಯ ಮಹಡಿ. ಅವರು ಕಲಿಸಿದ್ದು ಕನ್ನಡ ಅಲ್ಲ, ಗಣಿತ. ತಿಂಗಳ ಎರಡನೇ ರವಿವಾರ, ಮಧ್ಯಾಹ್ನ ನಾಲ್ಕಕ್ಕೆ. ಹೆಚ್ಚೆಂದರೆ ಹನ್ನೊಂದು ಜನ, ಕಡಿಮೆಯೆಂದರೆ ನಾಲ್ಕು. ಔಷಧಿ ಅಂಗಡಿಯವರೊಬ್ಬರು, ಇಬ್ಬರು ಕಾಲೇಜು ಲೆಕ್ಚರರು, ಒಬ್ಬ ಅಂಗನವಾಡಿ ಕಾರ್ಯಕರ್ತೆ, ನಾನು, ಟಿಕಾರೆ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಒಬ್ಬ ಟೇಲರ್, ಮತ್ತೆ ವರ್ಷ ವರ್ಷ ಬದಲಾಗುವ ಹುಡುಗರು, ಹುಡುಗಿಯರು. ಮಹಡಿಗೆ ತಗಡಿನ ಛಾವಣಿ. ಜುಲೈನಲ್ಲಿ ಧಾರವಾಡದ ಮಳೆ ಹಿಡಿದರೆ ಓದುವವರ ದನಿ ಕೇಳುವುದಿಲ್ಲ, ಓದು ನಿಲ್ಲಿಸಬೇಕು. ಕಥೆಯ ನಾಯಕಿ ಬಾಗಿಲು ತೆರೆಯಲು ಕೈ ಎತ್ತಿರುತ್ತಾಳೆ. ಮಳೆ ಕಡಿಮೆಯಾಗುವ ತನಕ ಅವಳ ಕೈ ಹಾಗೇ ಇರುತ್ತದೆ. ನಾವು ಚುಮ್ಮರಿ ತಿನ್ನುತ್ತ ಕೂರುತ್ತೇವೆ.

ನಮ್ಮಲ್ಲಿ ಇರುವ ಕಾನೂನು ಒಂದೇ: ಕಥೆ ಓದಿ ಮುಗಿಸಿದವರು ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಬೇಕು. ಮಾಸ್ತರ ಹೆಂಡತಿ ಶುರುಮಾಡಿದ್ದು ಇದು. "ಓದಿದವರು ಎದುರಿಗೆ ಕುಂತ್ರ ಯಾರ್ಗೂ ಖರೆ ಹೇಳಾಕ ಬಾಯಿ ಬರಂಗಿಲ್ಲ, ಒಳಗ ಹೋಗ್ಲಿ" ಅಂತ ಅವರ ವಾದ. ನಡುವೆ ಇರುವುದು ಒಂದು ಇಟ್ಟಂಗಿಯ ಗೋಡೆ, ಬಾಗಿಲಿಲ್ಲ, ಪರದೆ ಮಾತ್ರ. ಸ್ಟೋವಿನ ಸದ್ದು, ಶುಂಠಿ ಜಜ್ಜುವ ಸದ್ದು, ಅದರ ನಡುವೆ ನಿಮ್ಮ ಕಥೆಯ ಬಗ್ಗೆ ಹೊರಗಿನವರು ಆಡುವ ಮಾತು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಕೇಳದ ಅರ್ಧವನ್ನು ನೀವೇ ತುಂಬಿಕೊಳ್ಳುತ್ತೀರಿ, ಅದೂ ಹೆಚ್ಚಾಗಿ ಕೆಟ್ಟದ್ದನ್ನೇ. (ಹೆಣ್ಣುಮಕ್ಕಳು ಇಲ್ಲೂ ಚಹಾ ಮಾಡಬೇಕಾ ಅಂತ ಕೇಳುವವರಿಗೆ: ಗಂಡಸರೂ ಮಾಡುತ್ತಾರೆ. ಲೆಕ್ಚರರೊಬ್ಬರು ಮೊದಲ ಸಲ ಮಾಡಿದ ಚಹಾ ಕುಡಿದು, ಅವರ ಕಥೆಯೇ ಮೇಲು ಅಂತ ಎಲ್ಲರೂ ಒಪ್ಪಿದೆವು.) ಲಾಕ್‌ಡೌನಿನ ತಿಂಗಳುಗಳಲ್ಲಿ ಮೊಬೈಲಿನಲ್ಲಿ ಸೇರಿದೆವು. ಓದಿದವರು ಎಲ್ಲೂ ಹೋಗುವ ಹಾಗಿಲ್ಲ, ಎಲ್ಲರ ಮುಖ ಪರದೆಯ ಮೇಲೆ. ಆ ವರ್ಷ ಬಂದ ಕಥೆಗಳೆಲ್ಲ ನಮಗೆ ಬಹಳ ಚಂದ ಕಂಡವು. ಅದರಲ್ಲಿ ಒಂದನ್ನೂ ಯಾರೂ ಮತ್ತೆ ನೆನೆಸಿಕೊಂಡಿಲ್ಲ.

ನಾನು ಇಲ್ಲಿಗೆ ಬಂದದ್ದು 2008ರಲ್ಲಿ. ಹದಿನೇಳು ವರ್ಷದಲ್ಲಿ 31 ಕಥೆ ಬರೆದಿದ್ದೇನೆ, ಎರಡು ಸಂಕಲನ ಬಂದಿವೆ. ಎರಡನೆಯದು 500 ಪ್ರತಿ ಅಚ್ಚಾಯಿತು, ಅದರಲ್ಲಿ ಸುಮಾರು 140 ನಮ್ಮ ಮಂಚದ ಕೆಳಗಿವೆ. ಮೊದಲ ಕಥೆಗೆ ಬಂದ ಸಂಭಾವನೆಯ ಚೆಕ್ಕನ್ನು ನಮ್ಮದೇ ಬ್ಯಾಂಕಿನಲ್ಲಿ ಹಾಕಿದೆ. 250 ರೂಪಾಯಿ. ಕೌಂಟರಿನ ಹುಡುಗ ಚೆಕ್ಕಿನ ಹಿಂದೆ ಮುಂದೆ ನೋಡಿ "ಮೇಡಂ, ಇದೇನ್ರಿ?" ಅಂದಿದ್ದ. ಸಣ್ಣಕಥೆ ಬರೆಯುವವರ ಸಂಸಾರ ಇಷ್ಟೇ, ಓದುಗರಿಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಹೇಳಬೇಕಾದ್ದು ಬೇರೆ ಲೆಕ್ಕ: ಆ 31 ಬರೆಯುವ ಹೊತ್ತಿಗೆ ಆ ಮಹಡಿಯಲ್ಲಿ ನಾನು ಏನಿಲ್ಲೆಂದರೂ ಇನ್ನೂರು ಕಥೆ ಕೇಳಿದ್ದೇನೆ. ಕೂತು, ಪೂರ್ತಿ, ಮಧ್ಯೆ ಎದ್ದು ಹೋಗದೆ. ನನ್ನನ್ನು ಕಥೆಗಾರ್ತಿ ಅಂತ ಯಾರಾದರೂ ವೇದಿಕೆಯಲ್ಲಿ ಕರೆದಾಗ ಒಳಗೆ ಸಣ್ಣಗೆ ಮುಜುಗರ. ನಾನು ಹೆಚ್ಚು ಮಾಡಿದ ಕೆಲಸ ಕೇಳುವುದು.

ಅಂಗಿ

ಟೇಲರ್ ಬಗ್ಗೆ ಹೇಳಬೇಕು. ಅವರು ಒಂದು ಸಾಲೂ ಬರೆದವರಲ್ಲ. ಏಳನೇ ಇಯತ್ತೆಗೆ ಸಾಲೆ ಬಿಟ್ಟವರು. ಯಾವುದೋ ರವಿವಾರ ಮಾಸ್ತರ ಪಾಯಜಾಮ ಹೊಲಿದು ಕೊಡಲು ಮಹಡಿಗೆ ಬಂದಿದ್ದಾರೆ, ಯಾರೋ ಓದುತ್ತಿದ್ದಾರೆ. ಮಧ್ಯೆ ಮಾತಾಡಿಸಬಾರದು ಅಂತ ಬಾಗಿಲಲ್ಲಿ ನಿಂತಿದ್ದಾರೆ. ಕಥೆ ಮುಗಿಯುವ ತನಕ ನಿಂತೇ ಇದ್ದಾರೆ, ಕೈಯಲ್ಲಿ ಪಾಯಜಾಮ. ಮುಂದಿನ ತಿಂಗಳು ಪಾಯಜಾಮ ಇಲ್ಲದೆ ಬಂದರು. ಜೂನಿನಲ್ಲಿ ಮಾತ್ರ ಬರುವುದಿಲ್ಲ, ಅದು ಯೂನಿಫಾರ್ಮ್ ಸೀಜನ್ನು.

2010ರ ಆಗಸ್ಟು. ನಾನೊಂದು ಕಥೆ ಓದಿದೆ. ಗಂಡ ಸತ್ತು ಆರು ತಿಂಗಳಾದ ಹೆಂಗಸು. ಮಗನಿಗೆ ಆಗಸ್ಟ್ ಹದಿನೈದಕ್ಕೆ ಬಿಳಿ ಅಂಗಿ ಬೇಕು, ಇಲ್ಲ. ರಾತ್ರಿ ಟ್ರಂಕಿನಿಂದ ಗಂಡನ ಬಿಳಿ ಅಂಗಿ ತೆಗೆದು, ಬಗಲಲ್ಲಿ ಎರಡೂ ಕಡೆ ಹಿಡಿದು, ಕೆಳಗೆ ಕತ್ತರಿಸಿ, ಕೈಯಲ್ಲೇ ಹೊಲಿದು ಬೆಳಗ್ಗೆ ಮಗನಿಗೆ ಹಾಕಿ ಕಳಿಸುತ್ತಾಳೆ. ಹೊಸ್ತಿಲಲ್ಲಿ ನಿಂತು ನೋಡುತ್ತಾಳೆ. ಕೊನೆಗೆ ನಾನು ಎರಡು ಉದ್ದನೆಯ ವಾಕ್ಯ ಬರೆದಿದ್ದೆ, ದೂರ ಹೋಗುವ ಮಗನ ಬೆನ್ನಲ್ಲಿ ಅವಳಿಗೆ ಗಂಡ ಕಂಡ ಹಾಗೆ. ಓದುವಾಗ ನನ್ನ ದನಿಯೇ ನಡುಗಿತ್ತು. ಅಂಗನವಾಡಿ ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದನ್ನು ಓದುತ್ತಲೇ ನೋಡಿದ್ದೆ. ಗೆದ್ದೆ ಅಂದುಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಹೊರಗೆ "ಛಲೋ ಆಗೇದ", "ಭಾಳ ಛಲೋ" ನಡೆದಿತ್ತು. ಆಮೇಲೆ ಟೇಲರ್ ಗಂಟಲು ಸರಿಮಾಡಿಕೊಂಡ ಸದ್ದು. ನಾನು ಸ್ಟೋವ್ ಸಣ್ಣ ಮಾಡಿದೆ.

"ಅಕ್ಕಾರ ಬಗಲಾಗ ಹಿಡದು ಹೊಲದ್ರ ಅಂಗಿ ಸಣ್ಣ ಆತು ಅಂತ ಬರದಾರ್ರಿ. ಆಗಂಗಿಲ್ರಿ ಅದು. ಅಗಲ ಕಡಿಮಿ ಆಕ್ಕೇತಿ, ಹೆಗಲು ಹಂಗ ಉಳೀತೈತಿ. ತೋಳು ಬಿಚ್ಚಿ, ಹೆಗಲು ಕತ್ತರಿಸಿ, ಮತ್ತ ತೋಳು ಹಚ್ಚಬೇಕು. ಅದು ಕಲಿತವರ ಕೆಲಸ, ಒಂದ ರಾತ್ರ್ಯಾಗ ಕೈಲೆ ಆಗೂ ಮಾತಲ್ಲ. ಆ ಹುಡುಗನ ಹೆಗಲಿನ ಹೊಲಿಗಿ ಎಲ್ಲಿಗೆ ಬಂದಿತ್ತು, ಅದನ್ನ ಕೇಳ್ರಿ ಅಕ್ಕಾರ್ನ."

ಯಾರೋ ನಕ್ಕರು. "ಕಥಿಯೊಳಗ ಇಷ್ಟೆಲ್ಲಾ ಯಾರ್ ನೋಡ್ತಾರ್ರೀ" ಅಂತ ಔಷಧಿ ಅಂಗಡಿಯವರು. ಚಹಾ ಉಕ್ಕಿತು. ನನಗೆ ಕಿವಿ ಬಿಸಿಯಾಗಿತ್ತು. ಸಾವಿನ ಕಥೆ ಬರೆದರೆ ಹೊಲಿಗೆ ಲೆಕ್ಕ ಕೇಳುತ್ತಾರಲ್ಲ ಅಂತ ಸಿಟ್ಟು. ಆ ಸಿಟ್ಟಿನಲ್ಲೇ ಮನೆಗೆ ಹೋಗಿ ನನ್ನ ಗಂಡನ ಹಳೆ ಅಂಗಿಯೊಂದನ್ನು ತೆಗೆದು, ಆಗ ಒಂಬತ್ತು ವರ್ಷದವನಾಗಿದ್ದ ಮಗನನ್ನು ನಿಲ್ಲಿಸಿ ಹಾಕಿದೆ. ಎರಡೂ ಬಗಲಿಗೆ ಪಿನ್ನು ಹಾಕಿ ಬಿಗಿ ಮಾಡಿದೆ. ಎದೆಗೆ ಸರಿಯಾಗಿ ಕೂತಿತು. ಹೆಗಲ ಹೊಲಿಗೆ ಮಾತ್ರ ಜಾರಿ ಮೊಳಕೈಯ ಹತ್ತಿರ ಜೋತಾಡುತ್ತಿತ್ತು. ಅವನ ಸ್ವಂತ ಹೆಗಲು ಆ ಬಟ್ಟೆಯ ಒಳಗೆ ಎಲ್ಲೋ, ಸಣ್ಣದಾಗಿ, ಕಂಡೂ ಕಾಣದ ಹಾಗೆ. "ಅವ್ವಾ, ತೆಗಿ, ಚುಚ್ಚತದ" ಅಂದ. ನಾನು ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಆ ಎರಡು ವಾಕ್ಯ ಹೊಡೆದು ಹಾಕಿದೆ. ಈಗ ಕಥೆ ಮುಗಿಯುವುದು ಆ ಹೊಲಿಗೆ ಎಲ್ಲಿಗೆ ಬಂದಿತ್ತು ಅಂತ ಹೇಳುವಲ್ಲಿಗೆ. ಗಂಡನ ಹೆಸರಿಲ್ಲ, ನೆನಪು ಎಂಬ ಪದವಿಲ್ಲ. ಅದು ವಾರಪತ್ರಿಕೆಯಲ್ಲಿ ಬಂದಾಗ ನನಗೆ ಬಂದ ನಾಲ್ಕು ಕಾಗದಗಳಲ್ಲಿ ಮೂರು ಹೆಗಲಿನ ಬಗ್ಗೆ ಇದ್ದವು. ಟೇಲರಿಗೆ ತೋರಿಸಿದೆ. ಓದಿ, ಮಡಚಿ, "ಅಂಗಿ ಈಗ ಬರೋಬ್ಬರಿ ಐತಿ" ಅಂದರು. ಸರಿಯಾಗಿ ಹೊಂದಲಿಲ್ಲ ಎಂಬುದು ಈಗ ಸರಿಯಾಗಿದೆ ಅಂತ ಅವರ ಅರ್ಥ.

ಅಟ್ಟದ ಊರು

ಧಾರವಾಡದಲ್ಲಿ ಕೂತು ಸಾಹಿತ್ಯದ ಗುಂಪಿನ ಬಗ್ಗೆ ಬರೆಯುವುದು ಪೇಢೆ ಅಂಗಡಿ ಮುಂದೆ ನಿಂತು ಸಕ್ಕರೆಯ ಬಗ್ಗೆ ಮಾತಾಡಿದ ಹಾಗೆ. ಇಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಎಂಬ ಮಾತನ್ನು ಹೊರಗಿನಿಂದ ಬಂದ ಪ್ರತಿ ಅತಿಥಿಯೂ ಹೇಳಿ, ನಾವು ಪ್ರತಿ ಸಲವೂ ಮೊದಲ ಸಲ ಕೇಳಿದವರ ಹಾಗೆ ನಗುತ್ತೇವೆ. ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಇಲ್ಲಿಯದು. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಪ್ರಕಾಶನ ಮನೋಹರ ಗ್ರಂಥಮಾಲೆಯ ಅಟ್ಟ ಸುಭಾಸ ರಸ್ತೆಯಲ್ಲಿ. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಚ್ಚಾದದ್ದು ಅಲ್ಲಿಂದ. 1964ರಲ್ಲಿ ಚಂಪಾ (ಚಂದ್ರಶೇಖರ ಪಾಟೀಲ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರು ಹುಡುಗರು ಸೇರಿ 'ಸಂಕ್ರಮಣ' ಪತ್ರಿಕೆ ಶುರು ಮಾಡಿದ್ದೂ ಇದೇ ಊರಲ್ಲಿ. ಈ ಊರಿನ ಸಾಹಿತ್ಯ ಯಾಕೋ ಯಾವಾಗಲೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಅಟ್ಟ, ಮಹಡಿ, ಮಾಳಿಗೆ. ಮೊಣಕಾಲು ನೋವು ಶುರುವಾದ ಮೇಲೆ ಎಷ್ಟು ಜನ ವಿಮರ್ಶಕರನ್ನು ಕನ್ನಡ ಕಳೆದುಕೊಂಡಿದೆಯೋ.

ಈ ಹೆಸರುಗಳನ್ನು ನಾವು ಹೇಳುವಾಗ ಒಂದು ಧಾಟಿ ಬಂದುಬಿಡುತ್ತದೆ. ಎಲ್ಲರೂ ಎಲ್ಲರನ್ನೂ ಪ್ರೀತಿಸಿದರು, ಒಬ್ಬರ ತಟ್ಟೆಯಲ್ಲಿ ಒಬ್ಬರು ಉಂಡರು, ಹಾಗಾಗಿ ದೊಡ್ಡ ಸಾಹಿತ್ಯ ಹುಟ್ಟಿತು ಅಂತ. ಊಟ ಹಂಚಿಕೊಂಡದ್ದು ಖರೆ ಇರಬೇಕು. ಆದರೆ ಅಟ್ಟ ಹತ್ತಿ ಇಳಿದ ಹಿರಿಯರ ಬಾಯಲ್ಲಿ ನಾನು ಕೇಳಿದ್ದೆಲ್ಲ ಹರಟೆ, ವಾದ, ಬೈದಾಟದ ಕಥೆಗಳು. ಒಬ್ಬ ಹಿರಿಯರು ತಮ್ಮ ಹಸ್ತಪ್ರತಿ ವಾಪಸು ಬಂದ ದಿನವನ್ನು ಎಂಬತ್ತನೇ ವಯಸ್ಸಿನಲ್ಲೂ ವಾರ, ತಿಥಿ ಸಮೇತ ಹೇಳುತ್ತಿದ್ದರು. ಸಿಟ್ಟು ಆರಿರಲಿಲ್ಲ. ಹೇಳಿ ಮುಗಿಸಿ, "ಅವರು ಹೇಳಿದ್ದು ಬರೋಬ್ಬರಿ ಇತ್ತು, ಆದ್ರ ಹಂಗ ಹೇಳಬಾರದಾಗಿತ್ತು" ಅಂತ ಪ್ರತಿ ಸಲವೂ ಒಂದೇ ವಾಕ್ಯ.

ಸಣ್ಣಕಥೆ ಬರೆಯುವವರಿಗೆ ಇನ್ನೊಂದು ಕಾಟ ಉಂಟು. "ಕಾದಂಬರಿ ಯಾವಾಗ?" ಅನ್ನುತ್ತಾರೆ. ಮದುವೆಯಾದವರಿಗೆ ಮಗು ಯಾವಾಗ ಅಂತ ಕೇಳುವ ಅದೇ ಕಾಳಜಿ. ಕಥೆ ಅಂದರೆ ಅಭ್ಯಾಸಕ್ಕೆ ಮಾಡಿದ್ದು, ಕಾದಂಬರಿ ಅಂದರೆ ಪರೀಕ್ಷೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳಿಗೆ, ದೀಪಾ ಭಾಸ್ತಿಯವರು ಅವನ್ನು ಇಂಗ್ಲಿಷಿಗೆ ತಂದ ಸಂಕಲನಕ್ಕೆ, ಅಂತರರಾಷ್ಟ್ರೀಯ ಬುಕರ್ ಬಂದಾಗ ಈ ಕಾಟ ಕೆಲವು ವಾರ ನಿಂತಿತು. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕನ್ನಡಕ್ಕೂ ಮೊದಲು. ಟೇಲರ್ ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಢೆ ತಂದರು. ಹಾಸನದಲ್ಲಿ ವಕೀಲಿಕೆ ಮಾಡಿಕೊಂಡು, ಹೊರಗಿನವರ ಬೈಗುಳ, ಒಳಗಿನವರ ಬೈಗುಳ ಎರಡನ್ನೂ ತಿಂದು ದಶಕಗಟ್ಟಲೆ ಬರೆದ ಹೆಣ್ಣುಮಗಳಿಗೆ ಸಂದದ್ದು ನಮಗೂ ಸಂದ ಹಾಗಾಗಿತ್ತು. ಬ್ಯಾಂಕಿನಲ್ಲಿ ಮ್ಯಾನೇಜರು "ಮೇಡಂ, ನಿಮಗ್ಯಾವಾಗ?" ಅಂದರು. ಪ್ರಶ್ನೆ ಬದಲಾಗಿತ್ತು, ದನಿ ಅದೇ ಇತ್ತು.

ಮಾಸ್ತರ ನಗು

ಬಸ್ಸಿನ ಆ ಸಂಜೆಯ ನಂತರ ಒಂದು ರಾತ್ರಿ ಹೊಸ ಕಥೆ ಬರೆಯುತ್ತ ಕೂತಿದ್ದೆ. ಪಾತ್ರವೊಂದು ಮನೆ ಕಟ್ಟಿಸುವ ಲೆಕ್ಕ ಹೇಳುತ್ತಿದೆ. ಅಲ್ಲಿ ಭಾಗಾಕಾರದ ಬಗ್ಗೆ ಒಂದು ತಮಾಷೆಯ ಮಾತು ಬಂತು. ಬರೆದೆ. ಬರೆದ ಮೇಲೆ ಮಾಸ್ತರು ಎಲ್ಲಿ, ಹೇಗೆ ನಗುತ್ತಾರೆ ಎಂಬುದೂ ಕಂಡಿತು. ಮೊದಲು ಮೂಗಿನಲ್ಲಿ, ಆಮೇಲೆ ಕನ್ನಡಕ ತೆಗೆದು. ಪೆನ್ನು ಅಲ್ಲೇ ನಿಂತಿತು. ಹಿಂದಿನ ಪುಟ ತಿರುವಿದೆ. ಅಂಗನವಾಡಿ ಅಕ್ಕ ಉಸಿರು ಬಿಡಬೇಕಾದ ಜಾಗ ಒಂದಿತ್ತು. ಲೆಕ್ಚರರು ತಲೆ ಆಡಿಸಲಿ ಅಂತ ಇಟ್ಟ ಒಂದು ವಚನದ ಸಾಲಿತ್ತು. ಎಲ್ಲರಿಗೂ ಅವರವರ ಪಾಲು ಬಡಿಸಿಟ್ಟಿದ್ದೆ, ಶ್ರಾದ್ಧದ ಎಲೆಯ ಹಾಗೆ.

ಇದು ಯಾವಾಗ ಶುರುವಾಯಿತೋ ಗೊತ್ತಿಲ್ಲ. ಗುಂಪಿನ ದೊಡ್ಡ ಉಪಕಾರವೆಂದರೆ ಎರಡನೇ ರವಿವಾರ ಅಲ್ಲಿ ಯಾರೋ ಕಾಯುತ್ತಿರುತ್ತಾರೆ ಎಂಬುದು. ನನ್ನಂಥ ನೌಕರಿ, ಮನೆ, ಅತ್ತೆಯ ಮಾತ್ರೆಗಳ ನಡುವೆ ಬರೆಯುವವಳಿಗೆ ಆ ಕಾಯುವಿಕೆ ಇಲ್ಲದಿದ್ದರೆ ಕಥೆ ಡಿಪಾಸಿಟ್ ಸ್ಲಿಪ್ಪಿನ ಹಿಂದೆ ನಾಲ್ಕು ಸಾಲಾಗಿ ಸತ್ತುಹೋಗುತ್ತಿತ್ತು. ಇದನ್ನು ನಾನು ಮರೆತರೆ ಕೃತಘ್ನಳಾದೇನು. ಮೊದಲ ಸಂಕಲನದ ಕರಡು ತಿದ್ದಿದ್ದು ಲೆಕ್ಚರರೇ, ಒಂದು ರೂಪಾಯಿ ಮುಟ್ಟದೆ. ನನಗೆ ಆಪರೇಷನ್ ಆದಾಗ ಎಂಟು ದಿನ ಡಬ್ಬಿ ಬಂದದ್ದು ಮಾಸ್ತರ ಮನೆಯಿಂದ. ಆದರೆ ಡಬ್ಬಿ ಕಳಿಸಿದವರ ಕಥೆಯನ್ನು ಆಮೇಲೆ ಹೇಗೆ ಕೇಳುವುದು? ಕಿವಿಗೆ ಉಪ್ಪಿನ ಋಣ ಹತ್ತಿಬಿಡುತ್ತದೆ. ಕೇಳುತ್ತಿರುವಾಗಲೇ ಬಾಯಲ್ಲಿ "ಛಲೋ ಆಗೇದ" ತಯಾರಾಗಿ ಕೂತಿರುತ್ತದೆ. ನಮ್ಮ ಮಾತಿನಲ್ಲಿ ಛಲೋ ಎಷ್ಟು ಸವೆದ ನಾಣ್ಯವೆಂದರೆ ಹವಾ ಛಲೋ, ಚಹಾ ಛಲೋ, ಹುಡುಗ ಛಲೋ, ಕಥೆಯೂ ಛಲೋ.

ಬೋರಿನ ಕಥೆ

2019ರ ಫೆಬ್ರುವರಿ. ಆ ಹುಡುಗ ಓದಿದ. ಅಪ್ಪ ಸಾಲ ಮಾಡಿ ಹೊಲದಲ್ಲಿ ಬೋರು ಹೊಡೆಸುತ್ತಾನೆ. ಗಾಡಿ ಬರುವುದು ರಾತ್ರಿ. ಊರಿನ ಅರ್ಧ ಜನ ಕಂಬಳಿ ಹೊದ್ದು ನೋಡಲು ಬಂದಿದ್ದಾರೆ. ದುಡ್ಡು ಅಡಿಯ ಲೆಕ್ಕದಲ್ಲಿ, ಗಾಡಿಯವರು ಮೋಸ ಮಾಡಬಾರದಲ್ಲ, ಅದಕ್ಕೆ ಒಂದೊಂದು ಪೈಪು ಇಳಿದ ಹಾಗೆಲ್ಲ ಅಪ್ಪ ಒಂದೊಂದು ಕಲ್ಲಿನ ಹರಳು ಎತ್ತಿ ಟವೆಲ್ಲಿನ ಮೇಲೆ ಇಡುತ್ತಾನೆ. ಕಲ್ಲಿನ ಬಿಳಿ ಪುಡಿ ಮಾತ್ರ ಮೇಲೆ ಬರುತ್ತಿದೆ, ಎಲ್ಲರ ತಲೆ, ಹುಬ್ಬು ಬೆಳ್ಳಗಾಗಿವೆ. ಬೆಳಗಾಗುವ ತನಕ ಹಸಿ ಮಣ್ಣು ಬರಲಿಲ್ಲ. ಆಮೇಲೆ ಸಾಲ ಕೊಟ್ಟವರು, ಆಮೇಲೆ ಅಪ್ಪ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಹಿಡಿದು ಹೊಲಕ್ಕೆ ಹೋದದ್ದು.

ಅವನು ಅಳದೆ ಓದಿದ. ನಾವು ಅತ್ತೆವು. ಅದು ಅವನ ಮನೆಯದೇ ಅಂತ ಕೇಳದೆಯೂ ಗೊತ್ತಾಗಿತ್ತು. ಓದಿ ಮುಗಿಸಿ ಹಾಳೆ ಜೋಡಿಸಿಕೊಂಡು, "ಎಲ್ಲಿ ತಪ್ಪೈತಿ ಹೇಳ್ರಿ" ಅಂತ ಸ್ಪಷ್ಟವಾಗಿ ಕೇಳಿಯೇ ಒಳಗೆ ಹೋದ. ಹೊರಗೆ ನಾವು ಶುರು ಮಾಡಿದೆವು. ಸರಕಾರ, ಬ್ಯಾಂಕು (ಎಲ್ಲರೂ ಒಮ್ಮೆ ನನ್ನ ಕಡೆ ನೋಡಿದರು), ಮಳೆ, ಪರಿಹಾರ ಬಂತೋ ಇಲ್ಲವೋ, ತಾಯಿ ಈಗ ಹೇಗಿದ್ದಾರೆ, ತಂಗಿ ಎಷ್ಟನೇ ಇಯತ್ತೆ. ಲೆಕ್ಚರರು "ಇದು ಅನುಭವದಿಂದ ಬಂದ ಕಥೆ, ಇದಕ್ಕ ವಿಮರ್ಶಿ ಬ್ಯಾಡ" ಅಂದರು. ನಾವೆಲ್ಲ ತಲೆ ಆಡಿಸಿದೆವು. ಅನುಭವ ಎಂಬುದು ನಮ್ಮಲ್ಲಿ ದೊಡ್ಡ ಪದವಿ. ಅದನ್ನು ಒಮ್ಮೆ ಕೊಟ್ಟುಬಿಟ್ಟರೆ ಆಮೇಲೆ ಯಾರೂ ಆ ಕಥೆಯ ಒಂದು ವಾಕ್ಯವನ್ನೂ ಎತ್ತಿ ನೋಡುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಚಹಾದ ತಾಟು ಹಿಡಿದು ಅವನು ಪರದೆ ಸರಿಸಿದಾಗ ನಾವು ತಟ್ಟನೆ ಸುಮ್ಮನಾದೆವು. ಮಾಸ್ತರ ಹೆಂಡತಿ ಎದ್ದು ಅವನ ತಲೆ ಸವರಿದರು. ಎರಡೂ ಕೈಯಲ್ಲಿ ತಾಟು, ಒಂಬತ್ತು ಕಪ್ಪು. ಅವನು ಕಣ್ಣಿಗೆ ಬಂದ ಕೂದಲನ್ನೂ ಸರಿಸಿಕೊಳ್ಳಲು ಆಗದೆ ನಿಂತಿದ್ದ.

ನಾನು ಯಾಕೆ ಸುಮ್ಮನಿದ್ದೆ? ಕಥೆಯಲ್ಲಿ ಎಲ್ಲೋ ಒಂದು ಕಡೆ ಕಾಲು ಎಡವಿದ ಹಾಗೆ ನನಗೆ ಅನಿಸಿತ್ತು. ಎಲ್ಲಿ ಅಂತ ಹುಡುಕಲಿಲ್ಲ. ತಿಂಗಳ ಮೊದಲಿಗೆ ಸಂಬಳ ಬರುವ ನಾನು ಇವನಿಗೆ ವಾಕ್ಯ ಕಲಿಸುವುದೇ ಅಂತ ಒಂದು ನಾಚಿಕೆ. ಆಗ ಅದು ವಿನಯ ಅಂತಲೇ ಅನಿಸಿತ್ತು. ಈಗ ಯೋಚಿಸಿದರೆ, ನನ್ನ ಅಂಗಿಗೆ ಟೇಲರ್ ಕೊಟ್ಟ ಮರ್ಯಾದೆಯನ್ನು ನಾನು ಇವನಿಗೆ ಕೊಡಲಿಲ್ಲ. ನನ್ನನ್ನು ಅವರು ಕಥೆ ಬರೆಯುವವಳು ಅಂತ ನಂಬಿ ಹೊಲಿಗೆ ಕೇಳಿದ್ದರು. ನಾವು ಇವನನ್ನು ಅಪ್ಪನನ್ನು ಕಳೆದುಕೊಂಡವನು ಅಂತ ಮಾತ್ರ ನೋಡಿದೆವು. ಅವನು ಆ ಮಹಡಿ ಹತ್ತಿದ್ದು ಅದಕ್ಕಲ್ಲ. ಸಮಾಧಾನ ಮಾಡುವವರು ಅವನ ಊರಲ್ಲೂ ಬೇಕಾದಷ್ಟು ಜನ ಇದ್ದರು.

ಟೇಲರೂ ಅವತ್ತು ಇದ್ದರು. ಮೊನ್ನೆ ಅಂಗಡಿಗೆ ಹೋಗಿ ಕೇಳಿದೆ, ನೀವಾದರೂ ಯಾಕೆ ಏನೂ ಕೇಳಲಿಲ್ಲ ಅಂತ. ಮಷೀನು ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹೇಳಿದರು. "ಕೇಳಬೇಕಂತ ಮಾಡಿದ್ನಿರಿ. ನೀವೆಲ್ಲಾ ಅಳಾಕ ಹತ್ತಿದ್ರಿ. ಅಳೂ ಮನ್ಯಾಗ ಅಳತಿ ಟೇಪು ಹೆಂಗ ತೆಗೀಲಿ?" ಏನು ಕೇಳಬೇಕು ಅಂತಿದ್ದಿರಿ ಅಂದೆ. ಆರು ವರ್ಷ ಆಗಿತ್ತು, ನೆನಪಿರುವುದಿಲ್ಲ ಅಂದುಕೊಂಡಿದ್ದೆ. "ಆ ಹರಳ್ರಿ" ಅಂದರು.

ಹರಳು

ಹುಡುಗನ ನಂಬರು ಮಾಸ್ತರ ಹಳೆಯ ಡೈರಿಯಲ್ಲಿತ್ತು. ಆ ಕಥೆ ಇನ್ನೂ ಇದೆಯೇ, ಇದ್ದರೆ ಒಮ್ಮೆ ಕಳಿಸುತ್ತೀಯಾ ಅಂತ ವಾಟ್ಸಾಪ್ ಮಾಡಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಒಂಬತ್ತು ಫೋಟೋ ಬಂದವು, ಗೆರೆ ಹಾಳೆಯ ಮೇಲೆ ನೀಲಿ ಅಕ್ಷರ, ಒಂದು ಹಾಳೆಯ ಮೂಲೆಯಲ್ಲಿ ಚಹಾದ ಕಲೆ. ಬಸ್ಸಿನಲ್ಲಿ ಹೋಗುತ್ತ ಓದಿದೆ, ಬರುತ್ತ ಮತ್ತೆ ಓದಿದೆ. ಅಳು ಬರಲಿಲ್ಲ, ಅಷ್ಟರ ಮಟ್ಟಿಗೆ ಈ ಸಲ ಓದಿದೆ ಅನಿಸಿತು. ಗಾಡಿ ಬರುವ ರಾತ್ರಿಯ ಮೊದಲ ಮೂರು ಪುಟ ಏನೂ ಮುಟ್ಟುವ ಹಾಗಿಲ್ಲ. ನಾನು ಅಂಥ ಮೂರು ಪುಟ ಬರೆದಿಲ್ಲ. ಸಾಲ ಕೊಟ್ಟವರು ಬರುವ ಎರಡು ಪುಟ ಪೇಪರಿನ ಸುದ್ದಿಯ ಹಾಗಿವೆ, ಅಲ್ಲಿ ಅವನು ಅವಸರ ಮಾಡಿದ್ದಾನೆ. ನಾನು ಎಡವಿದ್ದು ನಾಲ್ಕನೇ ಪುಟದಲ್ಲಿ. ಬೆಳಗಾಯಿತು, ಗಾಡಿ ಹೋಯಿತು, ಜನ ಚದುರಿದರು. ಟವೆಲ್ಲಿನ ಮೇಲೆ ಅಷ್ಟು ಹರಳು ಕೂಡಿದ್ದವು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟ ಅಂತ ಬರೆದಿದ್ದಾನೆ. ಹರಳಿನ ಮಾತು ಅಲ್ಲಿಗೆ ನಿಂತುಹೋಗಿದೆ, ಮುಂದೆ ಎಲ್ಲೂ ಇಲ್ಲ.

ಉದ್ದನೆಯ ಮೆಸೇಜು ಬರೆದು ಅಳಿಸಿದೆ. ಕ್ಷಮೆ ಕೇಳುವ ಸಾಲೊಂದಿತ್ತು, ಅದನ್ನೂ ತೆಗೆದೆ, ಮತ್ತೆ ಅದು ಅಪ್ಪನ ಬಗ್ಗೆಯೇ ಆಗುತ್ತಿತ್ತು. ಕೊನೆಗೆ ಕಳಿಸಿದ್ದು ಇಷ್ಟು: "ನಾಲ್ಕನೇ ಪುಟದಾಗ ಅಪ್ಪ ಟವೆಲ್ ಹೆಗಲಿಗೆ ಹಾಕ್ಕೊಂಡು ಹೊಂಟಾನ. ಅದರ ಮ್ಯಾಲಿನ ಹರಳು ಏನಾದವು?"

ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು, ಅವನ ಪಾಳಿ ಮುಗಿದ ಮೇಲೆ ಇರಬೇಕು. "ಚೆಲ್ಲಲಿಲ್ರಿ. ಗಂಟು ಕಟ್ಟಿ ಮನಿಗೆ ತಂದಿದ್ದ. ಅವ್ವ ದೇವರ ಮಾಡದಾಗ ಇಟ್ಟಾಳ, ಇನ್ನೂ ಅದಾವು." ಅದರ ಕೆಳಗೆ, ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು. "ಎಷ್ಟು ಅದಾವಂತ ಎಣಿಸಿಲ್ರಿ. ಊರಿಗೆ ಹೋದಾಗ ಎಣಿಸಿ ಹೇಳ್ತೀನಿ."